ಜರಡಿಯ ಸಂದಿಯಲ್ಲಿದ್ದ ಗುಲಾಬಿ ಚಿಪ್ಪು

ಅರಬ್ಬೀ ಸಮುದ್ರದ ತಳದಿಂದ ಕೊಳವೆ ಇಳಿಸಿ ತೆಗೆದ ಕೆಸರಿನ ಕಂಬ, ಅಂದರೆ ಕೋರ್ ಒಂದರ ವಯಸ್ಸು ಹೇಳುವ ಕೆಲಸ ನನ್ನ ಪಾಲಿಗೆ ಬಂದಾಗ ನಾನಿನ್ನೂ ಪಿಎಚ್‌ಡಿ ಎರಡನೇ ವರ್ಷ. ಐದೂವರೆ ಮೀಟರ್ ಉದ್ದದ ಹಸಿರು ಮಿಶ್ರಿತ ಬೂದು ಕೆಸರು. ವಯಸ್ಸು ಹೇಳುವ ರೇಡಿಯೊಕಾರ್ಬನ್ ವಿಧಾನ ಸುಮಾರು 50,000 ವರ್ಷಗಳಾಚೆಗೆ ಕೈಕೊಡುತ್ತದೆ. ಅದಕ್ಕಿಂತ ಹಿಂದಕ್ಕೆ ಹೋಗಲು ನಾನು ತೇಲುವ ಬಗೆಯ ಫೊರಾಮ್‌ಗಳ ಮೊರೆಹೋದೆ. ಇವು ಕಡಲ ಮೇಲ್ಪದರದಲ್ಲಿ ತೇಲಾಡುವ ಏಕಕೋಶ ಜೀವಿಗಳು. ಸತ್ತಾಗ ಸುಣ್ಣದ ಚಿಪ್ಪು ತಳ ಸೇರುತ್ತದೆ.

ನಾನು ಹುಡುಕುತ್ತಿದ್ದದ್ದು ಗ್ಲೋಬಿಜೆರಿನಾಯ್ಡಿಸ್ ರೂಬರ್ ಎಂಬ ಫೊರಾಮ್‌ನ ಗುಲಾಬಿ ಬಣ್ಣದ ಬಗೆಯನ್ನು. ಅಟ್ಲಾಂಟಿಕ್‌ನಲ್ಲಿ ಅದು ಇವತ್ತಿಗೂ ಬದುಕಿದೆ. ಹಿಂದೂ ಮಹಾಸಾಗರದಲ್ಲೂ ಪೆಸಿಫಿಕ್‌ನಲ್ಲೂ ಸುಮಾರು 1,20,000 ವರ್ಷಗಳ ಹಿಂದೆ ಅಳಿಯಿತು ಎಂಬುದು 1979ರಿಂದ ಗೊತ್ತಿರುವ ಸಂಗತಿ. ಕೋರಿನಲ್ಲಿ ಮೇಲಿಂದ ಕೆಳಕ್ಕೆ ಇಳಿಯುತ್ತ ಗುಲಾಬಿ ಎಲ್ಲಿ ಶುರುವಾಗುತ್ತದೋ ಅಲ್ಲಿ ಆ ವಯಸ್ಸಿನ ಗೆರೆ ಎಳೆಯಬಹುದು.

ಹತ್ತು ಸೆಂಟಿಮೀಟರಿಗೊಂದು ಚೂರು ತೆಗೆದು, 50 ಡಿಗ್ರಿಯಲ್ಲಿ ಒಣಗಿಸಿ, ನೀರಲ್ಲಿ ನೆನೆಹಾಕಿ, 63 ಮೈಕ್ರಾನ್ ಜರಡಿಯ ಮೇಲೆ ಸಣ್ಣ ಧಾರೆಯಲ್ಲಿ ತೊಳೆದೆ. ಕೆಸರೆಲ್ಲ ಗಂಜಿಯಂತೆ ಇಳಿದುಹೋಗಿ ಸಣ್ಣ ರವೆಯಂಥದ್ದು ಉಳಿಯುತ್ತದೆ. ಅದನ್ನು ಕಪ್ಪು ತಟ್ಟೆಯಲ್ಲಿ ಹರಡಿ, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಮಾಡಿದ ಸೊನ್ನೆ ನಂಬರಿನ ಕುಂಚದಿಂದ ಒಂದೊಂದೇ ಎತ್ತಬೇಕು. ಕೆಲವು ಚಿಪ್ಪುಗಳಲ್ಲಿ ಮೊದಲ ಕೋಣೆಗಳಿಗಷ್ಟೇ ಬಣ್ಣವಿರುತ್ತದೆ. ಒಂದು ಹನಿ ನೀರು ಮುಟ್ಟಿಸಿದರೆ ಎದ್ದು ಕಾಣುತ್ತದೆ. ಕತ್ತು ನೋವು ಮಾತ್ರ ಕೆಲಸದ ಜೊತೆಗೇ ಬರುವ ಉಡುಗೊರೆ.

350 ಸೆಂ.ಮೀ. ಆಳದಲ್ಲಿ ಎರಡು ಗುಲಾಬಿ, 360ರಲ್ಲಿ ಹನ್ನೊಂದು, ಕೆಳಗೆ ಇನ್ನೂ ಹೆಚ್ಚು. ಹುಳುಗಳು ಕೆಸರನ್ನು ಕೊರೆದು ಮೇಲೆ ಕೆಳಗೆ ಮಾಡುವುದರಿಂದ ಆ ಎರಡನ್ನು ನಂಬದೆ 360ಕ್ಕೆ ಗೆರೆ ಹಾಕಿದೆ. ಸಾವಿರ ವರ್ಷಕ್ಕೆ 3 ಸೆಂ.ಮೀ. ಕೆಸರು ಸೇರಿದ ಲೆಕ್ಕ; ಚೆನ್ನಾಗಿ ಕೂತಿತು. ಆದರೆ 190ರಲ್ಲೊಂದು ಒಂಟಿ ಗುಲಾಬಿ ಚಿಪ್ಪು! ಹಳೆಯ ಪದರ ಎಲ್ಲೋ ಕೊರೆದುಹೋಗಿ ಅದರಿಂದ ಬಂದು ಮತ್ತೆ ಇಲ್ಲಿ ಬಿದ್ದಿರಬೇಕೆಂದು ಅರ್ಧ ಪುಟ ವಿವರಣೆಯನ್ನೂ ಬರೆದಿಟ್ಟೆ.

ಗೈಡ್ ಓದಿ, "ಇದಕ್ಕೆ ಮೊದಲು ಯಾವುದನ್ನು ತೊಳೆದೆ?" ಅಂದರು. ನೋಟ್‌ಬುಕ್ ತೆಗೆದೆ: 410. ಅವತ್ತು ಸಿಕ್ಕ ಸಿಕ್ಕ ಕ್ರಮದಲ್ಲಿ ತೊಳೆದಿದ್ದೆ. ಜರಡಿಯ ಬಲೆ ಅಂಚಿಗೆ ಸೇರುವ ಸಂದಿಯಲ್ಲಿ ಆ ಚಿಪ್ಪು ಉಳಿದಿತ್ತು. 190ರ ಉಳಿದರ್ಧವನ್ನು ತೊಳೆದು ನೋಡಿದರೆ ಒಂದೂ ಗುಲಾಬಿ ಇಲ್ಲ.

ಅಂದಿನಿಂದ ಪ್ರತಿ ಸ್ಯಾಂಪಲ್ ಆದ ಮೇಲೆ ಜರಡಿಯನ್ನು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ನೀರಿನಲ್ಲಿ ಅದ್ದುತ್ತೇನೆ. ಸಂದಿಯಲ್ಲಿ ಯಾವುದಾದರೂ ಉಳಿದಿದ್ದರೆ ನೀಲಿಗಟ್ಟುತ್ತದೆ. ಮುಂದಿನ ತಟ್ಟೆಯಲ್ಲಿ ನೀಲಿ ಚಿಪ್ಪು ಕಂಡರೆ ಅದು ಲೆಕ್ಕಕ್ಕಿಲ್ಲ. ಬೆರಳುಗಳೂ ವಾರಗಟ್ಟಲೆ ನೀಲಿ. ಮನೆಯಲ್ಲಿ ಇಂಕ್ ಫ್ಯಾಕ್ಟರಿ ಕೆಲಸವಾ ಅಂತ ಕೇಳಿದ್ದೂ ಉಂಟು.

ಈಗ ನೋಡುತ್ತಿರುವುದು ಇನ್ನೂ ಹಳೆಯ ಕೋರು. ಇಲ್ಲಿ ಗುರುತು ಬುಗುರಿಯಂತಿರುವ ಗ್ಲೋಬೊರೊಟಾಲಿಯಾ ಟ್ರಂಕಾಟುಲಿನಾಯ್ಡಿಸ್ ಎಂಬ ಇನ್ನೊಂದು ಫೊರಾಮ್; ಅದು ಸುಮಾರು 19.3 ಲಕ್ಷ ವರ್ಷಗಳ ಹಿಂದೆ ಮೊದಲು ಕಾಣಿಸಿಕೊಂಡಿತು. ಅದರ ಪೂರ್ವಜ ಟೊಸಾಯೆನ್ಸಿಸ್‌ಗೆ ಅಂಚಿನಲ್ಲಿ ಏಣು, ಅಂದರೆ ಎದ್ದ ಚೂಪು ಗೆರೆ, ಇಲ್ಲ, ಇದಕ್ಕೆ ಇದೆ. ಇದೆಯೋ ಇಲ್ಲವೋ ಎಂದು ಹೇಳಲಾಗದ ನಡುವಿನವೇ ತಟ್ಟೆಯಲ್ಲಿ ಹೆಚ್ಚು. ಅವಕ್ಕೆ ಸ್ಲೈಡಿನಲ್ಲಿ ಬೇರೆಯೇ ಚೌಕ ಕೊಟ್ಟಿದ್ದೇನೆ. ಏಣು ಸ್ಪಷ್ಟವಾಗಿರುವುದು ಸಿಗುವ ತನಕ ಗೆರೆ ಎಳೆಯುವುದಿಲ್ಲ.