ಐಸ್ ಕರಗುವಾಗ ಥರ್ಮಾಮೀಟರ್ ಯಾಕೆ ಏರಲ್ಲ? ಮನೆಯಲ್ಲೇ ಮಾಡಿ ನೋಡಿ

ಕಾಯಿಸಿದರೆ ಘನ ವಸ್ತು ಕರಗಿ ದ್ರವ ಆಗುತ್ತದೆ ಅನ್ನೋದು ಮಕ್ಕಳಿಗೆ ಬಾಯಿಪಾಠ. ಆದರೆ ಕರಗುವ ಹೊತ್ತಿನಲ್ಲಿ ಉಷ್ಣಾಂಶ ಏರುವುದೇ ಇಲ್ಲ ಅನ್ನೋದನ್ನ ಕಣ್ಣಾರೆ ಕಂಡವರು ಕಡಿಮೆ. ಅದನ್ನೇ ತೋರಿಸಬೇಕು.

ಎರಡು ಟ್ರೇ ಐಸ್, ಒಂದು ಸ್ಟೀಲ್ ಪಾತ್ರೆ, ಲ್ಯಾಬಿನಲ್ಲಿ ಬಳಸುವ ಥರ್ಮಾಮೀಟರ್ ಇದ್ದರೆ ಸಾಕು. ಜ್ವರ ನೋಡುವ ಥರ್ಮಾಮೀಟರ್ ಖಂಡಿತ ಬೇಡ. ಅದು ಸುಮಾರು 35ರಿಂದ 42 ಡಿಗ್ರಿ ಮಾತ್ರ ತೋರಿಸುತ್ತದೆ, ಹಳೇ ಗಾಜಿನದಾದರೆ ಬಿಸಿಗೆ ಒಡೆದು ಪಾದರಸ ಚೆಲ್ಲಬಹುದು.

ಐಸನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಿ. ಪಾತ್ರೆಗೆ ಹಾಕಿ, ಸ್ವಲ್ಪ ತಣ್ಣೀರು ಸೇರಿಸಿ, ಗ್ಯಾಸ್ ತೀರಾ ಸಣ್ಣಗೆ ಇಡಿ. ಚಮಚದಿಂದ ಕಲಕುತ್ತಲೇ ಇರಿ, ಥರ್ಮಾಮೀಟರಿನಿಂದ ಕಲಕಬೇಡಿ, ಅದರ ತುದಿ ಪಾತ್ರೆಯ ತಳಕ್ಕೂ ತಾಗಬಾರದು. ನಿಮಿಷಕ್ಕೊಮ್ಮೆ ಓದಿ ಬರೆದಿಡಿ. ಕೆಳಗೆ ಉರಿ ಇದೆ, ಆದರೂ ಐಸ್ ಪುಡಿ ಉಳಿದಿರುವಷ್ಟು ಹೊತ್ತೂ ಅಂಕಿ 0 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ, ಕೊನೇ ಚೂರು ಕರಗಿದ ಮೇಲೆ ಸರಸರ ಏರುತ್ತದೆ. ಕಲಕದೆ ಬಿಟ್ಟರೆ ತಳದ ನೀರು ಮೊದಲೇ ಬಿಸಿಯಾಗಿ ಲೆಕ್ಕವೆಲ್ಲ ತಪ್ಪುತ್ತದೆ.

ಹಾಗಾದರೆ ಅಷ್ಟೂ ಶಾಖ ಎಲ್ಲಿ ಹೋಯಿತು? ಐಸಿನಲ್ಲಿ ಅಣುಗಳು ಒಂದನ್ನೊಂದು ಹಿಡಿದುಕೊಂಡು ಜಾಗ ಬಿಡದೆ ಕೂತಿರುತ್ತವೆ, ಆ ಹಿಡಿತ ಸಡಿಲಿಸುವುದಕ್ಕೇ ಶಾಖ ಖರ್ಚಾಗುತ್ತದೆ. ಒಂದು ಗ್ರಾಂ ಐಸ್ ಕರಗಲು ಸುಮಾರು 334 ಜೂಲ್ ಬೇಕು. ಅಷ್ಟೇ ಶಾಖಕ್ಕೆ ಒಂದು ಗ್ರಾಂ ನೀರು 0ಯಿಂದ ಹತ್ತಿರ ಹತ್ತಿರ 80 ಡಿಗ್ರಿಗೆ ಏರುತ್ತದೆ! ಸ್ಕಾಟ್ಲೆಂಡಿನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಶಾಲೆಯ ಪುಸ್ತಕದಲ್ಲಿ ಬರುವ ಗುಪ್ತೋಷ್ಣ ಇದೇ.

ಮೇಣದಲ್ಲೂ ಮಾಡಬಹುದು, ಆದರೆ ನೇರ ಉರಿ ಮೇಲೆ ಬೇಡ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ. ಅಕಸ್ಮಾತ್ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ, ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ. ಮೇಣ ಹಲವು ಪದಾರ್ಥಗಳ ಮಿಶ್ರಣ, ಹಾಗಾಗಿ ಐಸಿನಂತೆ ಒಂದೇ ಅಂಕಿಗೆ ನಿಲ್ಲದೆ ಮೊದಲು ಮೆತ್ತಗಾಗಿ ನಿಧಾನಕ್ಕೆ ಕರಗುತ್ತದೆ.

ಚಿಕ್ಕ ಮಕ್ಕಳಿದ್ದರೆ ಒಲೆಯೇ ಬೇಡ. ಧಾರವಾಡದ ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟ್ಲಿಯಲ್ಲೇ ಗಟ್ಟಿಯಾಗಿರುತ್ತದೆ ಅಲ್ವಾ? ಅದು 24-25 ಡಿಗ್ರಿಗೆಲ್ಲ ಕರಗುವುದರಿಂದ ಅಂಗೈ ಬಿಸಿಯೇ ಸಾಕು.

ಎಳ್ಳುಂಡಿಗೆ ಬೆಲ್ಲದ ಆಣ (ಪಾಕ) ತೆಗೆಯುವುದನ್ನು ಮಾತ್ರ ಇದಕ್ಕೆ ಉದಾಹರಣೆ ಕೊಡಬೇಡಿ. ಅಲ್ಲಿ ನೀರು ಹಾಕಿರುತ್ತೇವೆ, ಬೆಲ್ಲ ಆ ನೀರಿನಲ್ಲಿ ಬೆರೆಯುತ್ತದೆ, ಶಾಖಕ್ಕೆ ತಾನಾಗಿ ದ್ರವ ಆಗುವುದು ಬೇರೆ. ಅಡುಗೆಮನೆಯದೇ ಬೇಕಂದರೆ ಗಟ್ಟಿ ತುಪ್ಪ ತಗೊಳ್ಳಿ.