ಮನೋನಾಟಕದ ಗುಂಪನ್ನು ನಾನು ನಡೆಸುವ ಬಗೆ

ಮನೋನಾಟಕದ ಗುಂಪಿಗೆ ಹೊಸದಾಗಿ ಸೇರುವವರಲ್ಲಿ ಬಹುತೇಕರು ಮೊದಲು ಆಡುವ ಮಾತು, ತಮಗೆ ಅಭಿನಯ ಬರುವುದಿಲ್ಲ ಎಂಬುದು. ಅಭಿನಯ ಬಾರದಿರುವುದೇ ಇಲ್ಲಿ ಅನುಕೂಲವೆಂದು ನಾನು ಉತ್ತರಿಸುತ್ತೇನೆ, ಏಕೆಂದರೆ ಚೆನ್ನಾಗಿ ನಟಿಸಬಲ್ಲವರಿಗೆ ತಮ್ಮ ನೋವನ್ನೂ ಚೆನ್ನಾಗಿ ನಟಿಸಿಬಿಡುವ ಅಪಾಯವಿರುತ್ತದೆ. ಸಿದ್ಧ ಸಂಭಾಷಣೆಯಾಗಲಿ ತಾಲೀಮಾಗಲಿ ಇಲ್ಲದೆ, ಬದುಕಿನಲ್ಲಿ ನಡೆದುಹೋದ, ಅಥವಾ ನಡೆಯಬೇಕಿದ್ದೂ ನಡೆಯದೇ ಉಳಿದ ಒಂದು ಸನ್ನಿವೇಶವನ್ನು ಇತರರ ನೆರವಿನಿಂದ ಆಡಿ ನೋಡುವ ಈ ಚಿಕಿತ್ಸಾಕ್ರಮವನ್ನು ರೂಪಿಸಿದವರು ಮನೋವೈದ್ಯ ಜೇಕಬ್ ಲೆವಿ ಮೊರೆನೊ. 1889ರಲ್ಲಿ ಬುಖಾರೆಸ್ಟ್‌ನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ವೈದ್ಯಕೀಯ ಓದಿದ ಅವರು, 1920ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಆಶುನಾಟಕಗಳ ತಂಡವೊಂದನ್ನು ನಡೆಸಿದರು. 1925ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, 1936ರಲ್ಲಿ ನ್ಯೂಯಾರ್ಕ್ ರಾಜ್ಯದ ಬೀಕನ್‌ನಲ್ಲಿ ಚಿಕಿತ್ಸಾಲಯ ತೆರೆದು, ಅಲ್ಲಿ ಮನೋನಾಟಕಕ್ಕೆಂದೇ ರಂಗವೊಂದನ್ನು ಕಟ್ಟಿಸಿದರು.

ವಿಯೆನ್ನಾದ ಆ ತಂಡದಲ್ಲಿ, ಮುಗ್ಧ ಹೆಣ್ಣಿನ ಪಾತ್ರಗಳಿಗೆ ಹೆಸರಾಗಿದ್ದ ನಟಿಯೊಬ್ಬಳು ಮನೆಯಲ್ಲಿ ಗಂಡನ ಮೇಲೆ ಎಗರಾಡುತ್ತಿದ್ದಳೆಂದೂ, ಅವಳಿಗೆ ಒರಟು ಪಾತ್ರಗಳನ್ನು ಕೊಡತೊಡಗಿದ ಮೇಲೆ ಮನೆಯ ಜಗಳ ತಗ್ಗಿತೆಂದೂ, ಮುಂದೆ ಗಂಡನೂ ಅವಳೊಡನೆ ರಂಗಕ್ಕೆ ಬಂದನೆಂದೂ ಮೊರೆನೊ ಬರೆದಿದ್ದಾರೆ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಸಿಟ್ಟು ಹೊರಹೋದದ್ದನ್ನೇ ಎತ್ತಿ ಆಡುತ್ತಾರೆ. ನನಗೆ ಮುಖ್ಯವೆನಿಸುವುದು ಗಂಡನೂ ರಂಗಕ್ಕೆ ಬಂದದ್ದು. ನೋವು ಒಬ್ಬರೊಳಗೆ ಕಂಡರೂ ಬಹಳ ಸಲ ಅದು ಇಬ್ಬರ ನಡುವೆ ಹುಟ್ಟಿರುತ್ತದೆ. ಹಾಗಾಗಿ ಅದನ್ನು ನೋಡುವುದಕ್ಕೂ ಒಬ್ಬರಿಗಿಂತ ಹೆಚ್ಚು ಜನ ಬೇಕು.

ನನ್ನ ಬೈಠಕ್ ವಾರ್ಮ್‌ಅಪ್‌ನಿಂದ ಆರಂಭವಾಗುತ್ತದೆ. ಕೋಣೆಯಲ್ಲಿ ಸುಮ್ಮನೆ ಓಡಾಡುವುದು, ಈ ಹೊತ್ತು ಮನಸ್ಸು ಎಷ್ಟು ಭಾರವಾಗಿದೆ ಎಂಬುದಕ್ಕೆ ತಕ್ಕಂತೆ ಒಂದು ಗೋಡೆಯಿಂದ ಎದುರು ಗೋಡೆಯವರೆಗಿನ ಸಾಲಿನಲ್ಲಿ ತಮ್ಮ ಜಾಗ ಹುಡುಕಿಕೊಳ್ಳುವುದು, ಇಂಥವು. ಆಮೇಲೆ ತಮ್ಮ ವಿಷಯ ಮುಂದಿಡಲು ಸಿದ್ಧರಿರುವವರು ಎದ್ದು ನಿಂತು ಅದನ್ನು ಚುಟುಕಾಗಿ ಹೇಳುತ್ತಾರೆ. ಉಳಿದವರು ತಮಗೆ ಹೆಚ್ಚು ಹತ್ತಿರವೆನಿಸಿದವರ ಹೆಗಲ ಮೇಲೆ ಕೈಯಿಡುತ್ತಾರೆ. ಹೆಚ್ಚು ಕೈಗಳು ಯಾರ ಹೆಗಲ ಮೇಲಿರುತ್ತವೆಯೋ ಅವರೇ ಅಂದಿನ ನಾಯಕ ಅಥವಾ ನಾಯಕಿ. ನಿರ್ದೇಶಕನಾದ ನಾನು ಆರಿಸುವುದಕ್ಕಿಂತ ಇದು ಒಳ್ಳೆಯದು, ಏಕೆಂದರೆ ಗುಂಪು ತಾನೇ ಆರಿಸಿದ ಕಥೆಯಲ್ಲಿ ಕೊನೆಯವರೆಗೂ ಇರುತ್ತದೆ.

ಸನ್ನಿವೇಶವನ್ನು ಕಟ್ಟಲು ನಾನು ಧಾರಾಳವಾಗಿ ಸಮಯ ಕೊಡುತ್ತೇನೆ. ಬಾಗಿಲು ಎಲ್ಲಿದೆ, ಹೊತ್ತು ಯಾವುದು, ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕೇಳುತ್ತ ಹೋದಂತೆ, ನಡೆದದ್ದನ್ನು ವರದಿ ಒಪ್ಪಿಸುತ್ತಿದ್ದ ದನಿ ಇಳಿದು ವರ್ತಮಾನಕಾಲದಲ್ಲಿ ಮಾತು ಶುರುವಾಗುತ್ತದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಪ್ರಸಂಗವನ್ನು ಹೇಳುತ್ತೇನೆ. ಹಾಸಿಗೆ ಹಿಡಿದಿದ್ದ ತಾಯಿಯನ್ನು ತಾನೊಬ್ಬಳೇ ನೋಡಿಕೊಂಡೆ, ಅಕ್ಕ ತಿರುಗಿಯೂ ನೋಡಲಿಲ್ಲ ಎಂಬುದು ಒಬ್ಬ ಮಹಿಳೆಯ ಅಳಲಾಗಿತ್ತು. ಎರಡು ಬೆಂಚುಗಳನ್ನು ಜೋಡಿಸಿ ತಾಯಿಯ ಹಾಸಿಗೆ ಮಾಡಿದರು. ಅಕ್ಕನ ಕುರ್ಚಿಯನ್ನು ಹಾಸಿಗೆಗೆ ಬೆನ್ನು ಮಾಡಿ, ಬಾಗಿಲ ಹತ್ತಿರ ಇಟ್ಟರು. ಅಕ್ಕನ ಪಾತ್ರಕ್ಕೆ ಗುಂಪಿನಿಂದ ಒಬ್ಬರನ್ನು ಕರೆದರು. ಆರೋಪಗಳು ಮುಗಿದಾಗ ನಾನು ಇಬ್ಬರಿಗೂ ಜಾಗ ಬದಲಿಸಿಕೊಳ್ಳಲು ಹೇಳಿದೆ. ಅಕ್ಕನಾಗಿ ಆ ಕುರ್ಚಿಯಲ್ಲಿ ಕುಳಿತವರು ಬಹಳ ಹೊತ್ತು ಮಾತನಾಡಲಿಲ್ಲ; ಆಮೇಲೆ, "ಇಲ್ಲಿಂದ ಅಮ್ಮ ಕಾಣುವುದಿಲ್ಲ, ನರಳುವುದು ಮಾತ್ರ ಕೇಳಿಸುತ್ತದೆ" ಎಂದರು. ಅಕ್ಕನ ಮನಸ್ಸಿನಲ್ಲಿ ನಿಜವಾಗಿ ಇದ್ದದ್ದು ಅದೇ ಎಂದು ಯಾರೂ ಹೇಳಲಾರರು, ಮತ್ತು ಅದು ಪತ್ತೆಯಾಗಬೇಕಾಗಿಯೂ ಇಲ್ಲ. ತಮ್ಮ ಜಾಗಕ್ಕೆ ಮರಳಿದ ಮೇಲೆ ಅವರ ಸಿಟ್ಟು ಉಳಿದೇ ಇತ್ತು, ಆದರೆ ಬೈಗುಳವಾಗಿದ್ದದ್ದು "ನನಗೆ ಒಬ್ಬಳಿಗೇ ಭಯವಾಗಿತ್ತು" ಎಂಬ ಮಾತಾಗಿತ್ತು.

ಈ ಪಾತ್ರಪಲ್ಲಟವೇ ಮನೋನಾಟಕದ ಜೀವಾಳ. ಇದರ ಜೊತೆಗೆ, ಒಬ್ಬರು ನಾಯಕಿಯ ಪಕ್ಕದಲ್ಲಿ ಅವರದೇ ಭಂಗಿಯಲ್ಲಿ ನಿಂತು ಅವರು ಆಡಲಾಗದ್ದನ್ನು ಆಡುವ ಕ್ರಮವೊಂದಿದೆ. ಅದನ್ನು ಡಬಲ್ ಎನ್ನುತ್ತೇವೆ. ಆ ಮಾತು ಸರಿಯೆನಿಸಿದರೆ ನಾಯಕಿ ಅದನ್ನು ತಮ್ಮ ಬಾಯಿಂದ ಹೇಳುತ್ತಾರೆ, ಇಲ್ಲವಾದರೆ ತಿದ್ದುತ್ತಾರೆ. ತಿದ್ದುವ ಹಕ್ಕನ್ನು ನಾನು ಮೊದಲೇ ಸ್ಪಷ್ಟಪಡಿಸುತ್ತೇನೆ. ಇಲ್ಲದಿದ್ದರೆ ಡಬಲ್ ಆಗಿ ನಿಂತವರ ಕಥೆ ನಾಯಕಿಯ ಮೇಲೆ ಹೇರಿಕೆಯಾಗುತ್ತದೆ. ಕನ್ನಡಿಯ ಕ್ರಮದಲ್ಲಿ ನಾಯಕಿ ಹೊರಗೆ ನಿಂತು, ತಮ್ಮ ಪಾತ್ರವನ್ನು ಬೇರೆಯವರು ಆಡುವುದನ್ನು ನೋಡುತ್ತಾರೆ. ಎದುರಿಗಿಲ್ಲದವರು ಖಾಲಿ ಕುರ್ಚಿಯಲ್ಲಿ ಕುಳಿತಿದ್ದಾರೆಂದು ಭಾವಿಸಿ ಅವರೊಡನೆ ಮಾತನಾಡುವ ಕ್ರಮ, ಗೆಸ್ಟಾಲ್ಟ್ ಎಂಬ ಇನ್ನೊಂದು ಮನೋಚಿಕಿತ್ಸೆಯ ಮೂಲಕ ಹೆಚ್ಚು ಪ್ರಚಾರ ಪಡೆದರೂ, ಮನೋನಾಟಕದಲ್ಲಿ ಅದಕ್ಕೆ ಮೊದಲೇ ಇತ್ತು.

ಆಟ ಮುಗಿದೊಡನೆ, ಪಾತ್ರ ವಹಿಸಿದವರೆಲ್ಲ "ನಾನು ನಿಮ್ಮ ಅಕ್ಕನಲ್ಲ" ಎಂದು ತಮ್ಮ ಹೆಸರು ಹೇಳಿ ಪಾತ್ರವನ್ನು ಕಳಚಬೇಕು. ಅನಂತರದ್ದು ಹಂಚಿಕೆಯ ಹಂತ. ಆಟ ಎಷ್ಟೇ ರಸವತ್ತಾಗಿ ಸಾಗಿದ್ದರೂ ಈ ಹಂತಕ್ಕೆ ಸಾಕಷ್ಟು ಸಮಯ ಉಳಿಯುವಂತೆ ಅದನ್ನು ನಿಲ್ಲಿಸುತ್ತೇನೆ. ಇಲ್ಲಿ ಸಲಹೆ, ವಿಮರ್ಶೆ, ವಿಶ್ಲೇಷಣೆ ಯಾವುದಕ್ಕೂ ಅವಕಾಶವಿಲ್ಲ. ನೋಡುತ್ತಿದ್ದಾಗ ತಮ್ಮ ಬದುಕಿನ ಯಾವ ಗಳಿಗೆ ನೆನಪಾಯಿತೆಂಬುದನ್ನಷ್ಟೇ ಪ್ರತಿಯೊಬ್ಬರೂ ಹೇಳಬೇಕು. ವಿದ್ಯಾವಂತರ ಗುಂಪುಗಳಲ್ಲಿ ಈ ನಿಯಮವನ್ನು ಕಾಯುವುದು ಬಹಳ ಕಷ್ಟ. "ನೀವು ಅಕ್ಕನನ್ನು ಕ್ಷಮಿಸಿಬಿಡಿ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಆಗ ನಾನು ಅರ್ಧದಲ್ಲೇ ತಡೆದು, ಅವರದೇ ಬದುಕಿನ ಕಡೆಗೆ ತಿರುಗಿಸುತ್ತೇನೆ. ಎಲ್ಲರೆದುರು ಒಳಗನ್ನು ತೆರೆದಿಟ್ಟವರಿಗೆ ಆ ಕ್ಷಣದಲ್ಲಿ ಬೇಕಾದದ್ದು ತೀರ್ಪಲ್ಲ, ತಾವು ಒಂಟಿಯಲ್ಲ ಎಂಬ ಪುರಾವೆ.

ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಇದು ಹೊಂದುವುದಿಲ್ಲ. ವಾಸ್ತವದ ಹಿಡಿತ ತಪ್ಪಿರುವ ಸ್ಥಿತಿಯಲ್ಲಿರುವವರನ್ನು ಅಥವಾ ಆತ್ಮಹತ್ಯೆಯ ಯೋಚನೆಯಲ್ಲಿರುವವರನ್ನು ನಾನು ಮೊದಲು ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ. ಹಿಂಸೆಗೆ ಒಳಗಾದವರು ಆ ಘಟನೆಯನ್ನೇ ನೇರವಾಗಿ ಆಡಲು ಬಿಡುವುದಿಲ್ಲ. ಅವರಿಗೆ ಬಲ ಕೊಟ್ಟ ವ್ಯಕ್ತಿಗಳ ಪಾತ್ರಗಳನ್ನು ಮೊದಲು ಸುತ್ತ ನಿಲ್ಲಿಸುತ್ತೇವೆ, ಹಿಂಸಿಸಿದವರ ಪಾತ್ರಕ್ಕೆ ಅವರನ್ನು ಅವಸರದಿಂದ ಕಳುಹಿಸುವುದಿಲ್ಲ. ಆಟವನ್ನು ಯಾವ ಘಟ್ಟದಲ್ಲಾದರೂ ನಿಲ್ಲಿಸಬಹುದು ಎಂಬುದನ್ನೂ, ಕೇಳಿದ್ದು ಕೋಣೆಯಿಂದ ಹೊರಗೆ ಹೋಗಬಾರದು ಎಂಬುದನ್ನೂ ಆರಂಭದಲ್ಲೇ ಎಲ್ಲರಿಂದ ಒಪ್ಪಿಸಿಕೊಳ್ಳುತ್ತೇನೆ.