ಆಷಾಢದಲ್ಲಿ ಆರಿಸಿದ ಹತ್ತೊಂಬತ್ತು ಟ್ರ್ಯಾಕುಗಳು

ಆಷಾಢ ಬಂತೆಂದರೆ ಚಿಕ್ಕಬಳ್ಳಾಪುರದ ಕಲ್ಯಾಣ ಮಂಟಪಗಳಿಗೆ ಬೀಗ ಬೀಳುತ್ತದೆ. ಆರತಕ್ಷತೆಗಳಿಗೆ, ಕಾಲೇಜು ವಾರ್ಷಿಕೋತ್ಸವಗಳಿಗೆ, ನಂದಿ ಬೆಟ್ಟದ ತಪ್ಪಲಿನ ರೆಸಾರ್ಟುಗಳಿಗೆ ಡಿಜೆ ಆಗಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿರುವ ನನಗೆ ಅದು ಸಂಪಾದನೆ ಇಲ್ಲದ ತಿಂಗಳು. ಹೊಸ ಸಂಗೀತವನ್ನು ನೆಮ್ಮದಿಯಾಗಿ ಕುಳಿತು ಕೇಳುವುದಕ್ಕೆ ವರ್ಷದಲ್ಲಿ ಸಿಗುವ ಒಂದೇ ತಿಂಗಳೂ ಅದೇ. ಈ ಸಲ ಪ್ರೋಗ್ರೆಸಿವ್ ಹೌಸ್ ಮತ್ತು ಟ್ರಾನ್ಸ್ ಎರಡೂ ಸೇರಿ ಇನ್ನೂರಕ್ಕೂ ಹೆಚ್ಚು ಹೊಸ ಟ್ರ್ಯಾಕುಗಳನ್ನು ಕೇಳಿದೆ. ಪೆನ್‌ಡ್ರೈವಿಗೆ ಸೇರಿದ್ದು ಹತ್ತೊಂಬತ್ತು. ಆ ಹತ್ತೊಂಬತ್ತನ್ನು ಹೇಗೆ ಆರಿಸಿದೆ, ಉಳಿದವನ್ನು ಏಕೆ ಬಿಟ್ಟೆ ಎಂಬುದನ್ನು ಬರೆದಿಡಬೇಕೆನಿಸಿದೆ, ಏಕೆಂದರೆ ಈ ಸಂಗೀತವನ್ನು ನಮ್ಮ ಊರುಗಳಲ್ಲಿ ನುಡಿಸಲು ಹೊರಟ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಯೇ ಅದು.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಟ್ರಾನ್ಸ್ 1990ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ, ಮುಖ್ಯವಾಗಿ ಫ್ರಾಂಕ್‌ಫರ್ಟ್‌ನಲ್ಲಿ ಬೆಳೆದ ಸಂಗೀತ. ಪ್ರೋಗ್ರೆಸಿವ್ ಹೌಸ್ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬ್ರಿಟನ್ನಿನಲ್ಲಿ ರೂಪುಗೊಂಡಿತು. ಮೊದಲನೆಯದರ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 132ರಿಂದ 140 ಬೀಟ್, ಎರಡನೆಯದರದು 120ರಿಂದ 126. ಎರಡಕ್ಕೂ ನಾಲ್ಕು ಎಣಿಕೆಯ ಆವರ್ತವೇ ಆಧಾರ, ಪ್ರತಿ ಎಣಿಕೆಗೂ ಒಂದು ಕಿಕ್, ಅಂದರೆ ಬೇಸ್ ಡ್ರಮ್ಮಿನ ಏಟು. ಎರಡೂ ಬಗೆಯ ಟ್ರ್ಯಾಕುಗಳ ಮಧ್ಯದಲ್ಲಿ ಬ್ರೇಕ್‌ಡೌನ್ ಎಂಬ ಭಾಗವೊಂದು ಬರುತ್ತದೆ: ಅಲ್ಲಿ ಕಿಕ್ ಮತ್ತು ಬೇಸ್ ನಿಂತು, ರಾಗ ಮಾತ್ರ ತೇಲುತ್ತ ಮೇಲೇರಿ, ಕೊನೆಗೆ ಎಲ್ಲವೂ ಒಟ್ಟಿಗೆ ಮರಳುತ್ತವೆ. 2010ರ ನಂತರ ಕೆಲವು ವರ್ಷ ದೊಡ್ಡ ಉತ್ಸವಗಳ ಅಬ್ಬರದ ಸಂಗೀತವೂ ಪ್ರೋಗ್ರೆಸಿವ್ ಹೌಸ್ ಎಂಬ ಹೆಸರಿನಲ್ಲೇ ಬರುತ್ತಿತ್ತು. ನಾನು ಇಲ್ಲಿ ಹೇಳುತ್ತಿರುವುದು ಸಾಶಾ, ಜಾನ್ ಡಿಗ್ವೀಡ್, ಹೆರ್ನಾನ್ ಕಟಾನಿಯೊ ಅವರಂಥ ಡಿಜೆಗಳು ಬೆಳೆಸಿಕೊಂಡು ಬಂದ, ನಿಧಾನವಾಗಿ ಪದರ ಪದರವಾಗಿ ಕಟ್ಟುವ ಪ್ರಕಾರವನ್ನು.

ನಮ್ಮ ಕಡೆ ಸಮಯದ ಲೆಕ್ಕವೇ ಬೇರೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಆರತಕ್ಷತೆಯ ಸಾಲು ಕರಗಿ, ಊಟದ ಎರಡನೇ ಪಂಕ್ತಿ ಎದ್ದು, ಹುಡುಗರು ಅಂಗಳಕ್ಕೆ ಬರುವ ಹೊತ್ತಿಗೆ ಎಂಟೂವರೆಯಾಗಿರುತ್ತದೆ. ನನ್ನ ಪಾಲಿಗೆ ಉಳಿಯುವುದು ತೊಂಬತ್ತು ನಿಮಿಷ. ಏಳು ನಿಮಿಷದ ಟ್ರ್ಯಾಕಿನ ಆದಿ ಅಂತ್ಯಗಳು ಅಕ್ಕಪಕ್ಕದವುಗಳ ಜೊತೆ ಬೆರೆಯುವುದರಿಂದ ಒಂದೊಂದಕ್ಕೆ ಐದು ನಿಮಿಷ ಸಿಗುತ್ತದೆ. ಒಟ್ಟು ಹದಿನೆಂಟು ಟ್ರ್ಯಾಕು. ಬರ್ಲಿನ್ನಿನಲ್ಲೋ ಬ್ಯೂನಸ್ ಐರಿಸ್ಸಿನಲ್ಲೋ ರಾತ್ರಿಯಿಡೀ ನುಡಿಸುವವರಿಗೆ ಒಂದೆರಡು ತಪ್ಪು ಆಯ್ಕೆಗಳನ್ನು ಸರಿಪಡಿಸಿಕೊಳ್ಳಲು ಅವಕಾಶವಿರುತ್ತದೆ, ನಮಗೆ ಅದಿಲ್ಲ.

ಆಯ್ಕೆಯಲ್ಲಿ ನಾನು ಮೊದಲು ನೋಡುವುದು ಬ್ರೇಕ್‌ಡೌನಿನ ಉದ್ದ. ಇದನ್ನು ಕಲಿಸಿದ್ದು ಶಿಡ್ಲಘಟ್ಟದ ಬಳಿ ನಡೆದ ಒಂದು ಮದುವೆ. ಆಗ ತಾನೇ ಬಂದಿದ್ದ ಒಂದು ಟ್ರಾನ್ಸ್ ಟ್ರ್ಯಾಕನ್ನು ಹಿಂದಿನ ವಾರವೆಲ್ಲ ಹೆಡ್‌ಫೋನಿನಲ್ಲಿ ಕೇಳಿ ಕೇಳಿ ಕಣ್ಣು ತುಂಬಿಸಿಕೊಂಡಿದ್ದೆ. ಅದರ ಬ್ರೇಕ್‌ಡೌನ್ 64 ಆವರ್ತಗಳದು. 138ರ ವೇಗದಲ್ಲಿ ಸುಮಾರು ಒಂದು ನಿಮಿಷ ಐವತ್ತು ಸೆಕೆಂಡು. ಒಳ್ಳೆಯ ಕುಣಿತದ ನಡುವೆ ಕಿಕ್ ನಿಂತಿತು. ಮೊದಲ ಹತ್ತು ಸೆಕೆಂಡು ಕೈಗಳು ಮೇಲೇ ಇದ್ದವು. ಇಪ್ಪತ್ತನೆಯ ಸೆಕೆಂಡಿಗೆ ಮುಂದಿನ ಸಾಲಿನ ಹುಡುಗರು ನನ್ನ ಕಡೆ ನೋಡಿದರು. ಅರ್ಧ ನಿಮಿಷವಾಗುವಷ್ಟರಲ್ಲಿ ಯಾರೋ ‘ಕರೆಂಟು ಹೋಯ್ತು’ ಎಂದು ಕೂಗಿದರು, ಜನರೇಟರ್ ನೋಡಿಕೊಳ್ಳುತ್ತಿದ್ದಾತ ಊಟದ ಎಲೆ ಬಿಟ್ಟು ಶಾಮಿಯಾನದ ಹಿಂದಕ್ಕೆ ಓಡಿದ. ಬೇಸ್ ಬಾಕ್ಸುಗಳು ನಿಂತು, ಟಾಪುಗಳಲ್ಲಿ ಮಾತ್ರ ತೆಳುವಾದ ಸ್ವರ ಬರುತ್ತಿದ್ದುದರಿಂದ ಅವರೆಲ್ಲರಿಗೂ ಆಂಪ್ಲಿಫೈಯರ್ ಕೆಟ್ಟಿದೆ ಎಂದೇ ಅನ್ನಿಸಿತ್ತು. ಕಿಕ್ ಮರಳಿದಾಗ ಅಂಗಳದಲ್ಲಿ ಉಳಿದಿದ್ದವರು ಎಂಟೋ ಹತ್ತೋ ಮಂದಿ.

ಅಂದು ಜನರಿಗೆ ಅಭಿರುಚಿ ಇಲ್ಲವೆಂದು ಅಂದುಕೊಳ್ಳುವುದು ಸುಲಭವಿತ್ತು. ಆದರೆ ಅದು ಸುಳ್ಳು. ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಜಿಲ್ಲೆ ನಮ್ಮದು. ಇಲ್ಲಿ ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಹುಟ್ಟಿದಾಗಿನಿಂದ ತಮಟೆ ಕೇಳಿದ ಜನರ ಕಾಲಿಗೆ ತಾಳದ ವಿಚಾರದಲ್ಲಿ ಬಹಳ ಕಟ್ಟುನಿಟ್ಟು. ತಮಟೆಯವರೂ ಬಿಡುವು ಕೊಡುತ್ತಾರೆ, ಆದರೆ ಆ ಬಿಡುವಿನಲ್ಲೂ ಏಟು ಎಲ್ಲಿ ಮತ್ತೆ ಬೀಳುತ್ತದೆ ಎಂಬುದು ಕೇಳುವವನ ಮೈಗೆ ತಿಳಿದಿರುತ್ತದೆ. ನಾನು ನುಡಿಸಿದ ಟ್ರ್ಯಾಕಿನ ಬ್ರೇಕ್‌ಡೌನಿನಲ್ಲಿ ತಾಳದ ಎಳೆಯೇ ಇರಲಿಲ್ಲ: ತಾಳದಂತೆ ಸದ್ದು ಮಾಡುವ ಹೈ-ಹ್ಯಾಟ್ ಇಲ್ಲ, ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವ ಆರ್ಪೆಜಿಯೊ ಇಲ್ಲ, ಉದ್ದಕ್ಕೆ ಎಳೆದ ಸ್ವರಗಳು ಮಾತ್ರ. ಅಂದಿನಿಂದ ನಾನು ಹೊಸ ಟ್ರ್ಯಾಕ್ ಕೇಳುವಾಗ ಬ್ರೇಕ್‌ಡೌನಿನಲ್ಲಿ ಕಣ್ಣು ಮುಚ್ಚಿ ಕಾಲಿನಲ್ಲಿ ಎಣಿಸುತ್ತೇನೆ. ಕಿಕ್ ಮರಳುವ ಜಾಗಕ್ಕೆ ನನ್ನ ಎಣಿಕೆ ತಾನಾಗಿ ಬಂದು ನಿಂತರೆ ಆ ಟ್ರ್ಯಾಕ್ ಉಳಿಯುತ್ತದೆ. ದಾರಿ ತಪ್ಪಿದರೆ, ರಾಗ ಎಷ್ಟೇ ಚೆನ್ನಾಗಿರಲಿ, ಅದು ಮನೆಯಲ್ಲಿ ಕೇಳುವುದಕ್ಕೆ.

ಈ ಒಂದು ಅಳತೆಯಿಂದಲೇ ಈ ವರ್ಷದ ಟ್ರಾನ್ಸ್ ಟ್ರ್ಯಾಕುಗಳಲ್ಲಿ ಮುಕ್ಕಾಲು ಪಾಲು ಬಿದ್ದುಹೋದವು. ಇದನ್ನು ನಾನು ಸಂತೋಷದಿಂದ ಹೇಳುತ್ತಿಲ್ಲ. ಟ್ರಾನ್ಸ್ ಡಿಜೆ ಆರ್ಮಿನ್ ವ್ಯಾನ್ ಬ್ಯೂರೆನ್ ಅವರು 2001ರಲ್ಲಿ ಆರಂಭಿಸಿದ ವಾರದ ರೇಡಿಯೊ ಕಾರ್ಯಕ್ರಮವನ್ನು ಇಂಟರ್‌ನೆಟ್ ಕೆಫೆಯಲ್ಲಿ ಇಳಿಸಿಕೊಂಡು ಈ ಸಂಗೀತಕ್ಕೆ ಬಂದವನು ನಾನು. ಟ್ರಾನ್ಸ್ ಮೇಲಿನ ಪ್ರೀತಿ ಇಂದಿಗೂ ಹಾಗೆಯೇ ಇದೆ. ಆದರೆ ಹೊಸಬರಲ್ಲಿ ಅನೇಕರು ಬ್ರೇಕ್‌ಡೌನನ್ನೇ ಮೊದಲು ಬರೆದು, ಉಳಿದ ನಾಲ್ಕು ನಿಮಿಷಗಳನ್ನು ಅದರ ಸುತ್ತ ತುಂಬಿಸುತ್ತಿದ್ದಾರೆ ಎಂಬುದು ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಮೊದಲ 32 ಆವರ್ತಗಳಲ್ಲಿ ಏನೂ ಹುಟ್ಟುವುದಿಲ್ಲ, ಏನೂ ಬದಲಾಗುವುದಿಲ್ಲ. ಒಳ್ಳೆಯ ಟ್ರ್ಯಾಕಿನಲ್ಲಿ ಬ್ರೇಕ್‌ಡೌನಿನ ರಾಗದ ಒಂದು ತುಣುಕು ಎರಡನೆಯ ನಿಮಿಷದಲ್ಲೇ, ಮಸುಕಾದ ಫಿಲ್ಟರಿನ ಹಿಂದೆ, ಕೇಳಿಯೂ ಕೇಳದಂತೆ ಓಡಾಡುತ್ತಿರುತ್ತದೆ. ಅದು ಪೂರ್ತಿಯಾಗಿ ತೆರೆದುಕೊಂಡಾಗ ಕುಣಿಯುವವನಿಗೆ ಹೊಸದನ್ನು ಕೇಳಿದಂತೆ ಅನಿಸದೆ, ತನಗೆ ಗೊತ್ತಿದ್ದುದೇ ಬಂತು ಎನಿಸುತ್ತದೆ.

ಇನ್ನೊಂದು ದೂರು ಉದ್ದದ ಬಗ್ಗೆ. ಏಳೆಂಟು ನಿಮಿಷದ ಟ್ರ್ಯಾಕುಗಳು ಈಗ ಮೂರೂವರೆ ನಿಮಿಷಕ್ಕೆ ಇಳಿದಿವೆ, ಮೊಬೈಲಿನಲ್ಲಿ ಕೇಳುವವರಿಗಾಗಿ. ಡಿಜೆಗಳಿಗೆಂದೇ ಉದ್ದವಾಗಿ ಮಾಡಿದ ಎಕ್ಸ್‌ಟೆಂಡೆಡ್ ಮಿಕ್ಸ್ ಎಂದು ಪ್ರತ್ಯೇಕವಾಗಿ ಕೊಳ್ಳುವುದರಲ್ಲೂ ಅನೇಕ ಸಲ ಆ ಮೂರೂವರೆ ನಿಮಿಷಕ್ಕೆ ಹಿಂದೊಂದು ಮುಂದೊಂದು ಬರಿಯ ಕಿಕ್ಕಿನ ತುಂಡನ್ನು ಅಂಟಿಸಿರುತ್ತಾರೆ. ಹಳೆಯ ಹಿಟ್‌ಗಳನ್ನು 140ಕ್ಕೂ ಮೇಲಿನ ವೇಗದಲ್ಲಿ ಮತ್ತೆ ಮಾಡುವ ಅಲೆಯೂ ಜೋರಾಗಿದೆ. ಅವುಗಳಿಗೆ ಜನ ಕುಣಿಯುತ್ತಾರೆ, ನಿಜ. ಆದರೆ ಅವಸರದಲ್ಲಿ ರಾಗದ ಸ್ವರಗಳಿಗೆ ಉಸಿರಾಡಲು ಜಾಗವಿರುವುದಿಲ್ಲ. ಅಂಥ ಹನ್ನೆರಡನ್ನು ಕೇಳಿ ಹನ್ನೆರಡನ್ನೂ ಬಿಟ್ಟೆ.

ಎರಡನೆಯ ಪರೀಕ್ಷೆ ಶ್ರುತಿಯದು. ಚಿಂತಾಮಣಿಯ ಒಂದು ಮಂಟಪದಲ್ಲಿ, ಮರುದಿನದ ಮುಹೂರ್ತಕ್ಕೆ ಬಂದಿದ್ದ ನಾದಸ್ವರದ ಹಿರಿಯರೊಬ್ಬರು ನನ್ನ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಾನು ಎ ಮೈನರಿನ ಟ್ರ್ಯಾಕಿನಿಂದ ಬಿ ಫ್ಲಾಟ್ ಮೈನರಿನ ಟ್ರ್ಯಾಕಿಗೆ, ಎರಡರ ಬೇಸೂ ಒಟ್ಟಿಗೆ ಕೇಳುವಂತೆ ಒಂದು ನಿಮಿಷ ಬೆರೆಸಿ ಹೋದೆ. ವೇಗ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವರು ತಮ್ಮ ಬಾಯಿಯ ಎಲೆಯಡಿಕೆ ಉಗಿದು ಬಂದು, ಕಿವಿಯ ಹತ್ತಿರ ಬಗ್ಗಿ, ‘ಏನಪ್ಪಾ, ತಾಳ ಸೇರಿಸ್ದೆ ಸರಿ, ಶ್ರುತಿ ಯಾಕಪ್ಪಾ ಸೇರಿಸ್ಲಿಲ್ಲ?’ ಎಂದು ಕೇಳಿದರು. ಆ ಎರಡು ಟ್ರ್ಯಾಕುಗಳ ಆಧಾರ ಸ್ವರಗಳ ನಡುವೆ ಇದ್ದದ್ದು ಅರ್ಧ ಸ್ವರದ ಅಂತರ. ಅದುವರೆಗೆ ನಾನು ಬೀಟ್ ಮಾತ್ರ ಹೊಂದಿಸುತ್ತಿದ್ದೆ.

ಯಾವ ಶ್ರುತಿಗೆ ಯಾವುದು ಹೊಂದುತ್ತದೆ ಎಂದು ತೋರಿಸುವ, ಡಿಜೆಗಳು ಬಳಸುವ ಕ್ಯಾಮೆಲಾಟ್ ಚಕ್ರವನ್ನು ಆ ರಾತ್ರಿಯ ನಂತರ ಕಲಿತೆ. ಅದರಲ್ಲಿ ಎ ಮೈನರಿಗೆ 8ಎ ಎಂಬ ಗುರುತು. ಅಲ್ಲಿಂದ 7ಎ ಆದ ಡಿ ಮೈನರಿಗೆ, 9ಎ ಆದ ಇ ಮೈನರಿಗೆ, ಇಲ್ಲವೇ 8ಬಿ ಆದ ಸಿ ಮೇಜರಿಗೆ ಹೋದರೆ ಬೆರಕೆ ಹಿತವಾಗಿರುತ್ತದೆ. ನಾನು ಅಂದು ಹಾರಿದ್ದು 3ಎಗೆ. ತಂತ್ರಾಂಶ ಕೊಡುವ ಗುರುತನ್ನು ಪೂರ್ತಿ ನಂಬಬಾರದು, ಎಷ್ಟೋ ಸಲ ಅದು ಷಡ್ಜವನ್ನು ಬಿಟ್ಟು ಪಂಚಮವನ್ನು ಹಿಡಿದಿರುತ್ತದೆ. ಹಾಗಾಗಿ ಪ್ರತಿಯೊಂದು ಟ್ರ್ಯಾಕನ್ನೂ ಸಣ್ಣ ಕೀಬೋರ್ಡಿನಲ್ಲಿ ಸ್ವರ ಒತ್ತಿ ನಾನೇ ಖಚಿತಪಡಿಸಿಕೊಳ್ಳುತ್ತೇನೆ. ವೇಗ ಬದಲಿಸುವಾಗಲೂ ಇದರ ಎಚ್ಚರ ಬೇಕು: ಶ್ರುತಿ ಕದಲದಂತೆ ಹಿಡಿದಿಡುವ ಕೀ ಲಾಕ್ ಹಾಕದೆ ಟ್ರ್ಯಾಕನ್ನು ಶೇಕಡಾ 6ರಷ್ಟು ಹೆಚ್ಚು ವೇಗವಾಗಿ ಓಡಿಸಿದರೆ ಶ್ರುತಿ ಅರ್ಧ ಸ್ವರ ಮೇಲೇರಿಬಿಡುತ್ತದೆ. 

ಕೀಬೋರ್ಡಿನಲ್ಲಿ ಹೀಗೆ ಹುಡುಕುತ್ತಿದ್ದಾಗ ಇನ್ನೊಂದು ವಿಷಯ ತಿಳಿಯಿತು. ಟ್ರಾನ್ಸಿನ ಹೆಚ್ಚಿನ ರಾಗಗಳು ಕೂರುವ ಮೈನರ್ ಸ್ಕೇಲ್ ನಮ್ಮ ನಟಭೈರವಿಯ ಸ್ವರಗಳದೇ. ಪ್ರೋಗ್ರೆಸಿವ್ ಹೌಸಿನವರು ಇಷ್ಟಪಡುವ ಡೋರಿಯನ್ ಎಂಬ ಸ್ಕೇಲ್ ಖರಹರಪ್ರಿಯದ್ದು. ಗೋವಾ ಟ್ರಾನ್ಸಿನಲ್ಲಿ ಆಗಾಗ ಕೇಳುವ ಆ ಪೂರ್ವದೇಶದ ಛಾಯೆ ವಕುಳಾಭರಣದ್ದು. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ, ಇಲ್ಲಿ ಗಮಕವಿಲ್ಲ, ರಾಗದ ಕೆಳಗೆ ಕಾರ್ಡುಗಳು ಬದಲಾಗುತ್ತ ಹೋಗುತ್ತವೆ. ಆದರೂ ನಾದಸ್ವರ ಕೇಳಿ ಬೆಳೆದ ನಮ್ಮ ಹಿರಿಯರು ಡೋರಿಯನ್ ಟ್ರ್ಯಾಕು ಬಂದಾಗ ಕುರ್ಚಿಯಿಂದ ಎದ್ದು ಹೋಗದೆ ಕುಳಿತೇ ಇರುವುದನ್ನು ಹಲವು ಬಾರಿ ನೋಡಿದ್ದೇನೆ.

ಮೂರನೆಯದು ಮೋನೊ ಪರೀಕ್ಷೆ. ಬಯಲಿನಲ್ಲಿ ವೇದಿಕೆಯ ಎಡಕ್ಕೊಂದು, ಬಲಕ್ಕೊಂದು ಬಾಕ್ಸಿನ ರಾಶಿ ಇರುತ್ತದೆ. ಒಂದು ಕಡೆ ಕುಣಿಯುವವನಿಗೆ ಇನ್ನೊಂದು ಕಡೆಯದು ಕೇಳುವುದಿಲ್ಲ. ಆದ್ದರಿಂದ ಎರಡೂ ಕಡೆಗೆ ಒಂದೇ ಮಿಶ್ರಣವನ್ನು ಕಳುಹಿಸುತ್ತೇನೆ. ಟ್ರಾನ್ಸಿನ ಗುರುತೇ ಆಗಿರುವ ಸೂಪರ್‌ಸಾ ಎಂಬ ನಾದ, ರೋಲ್ಯಾಂಡ್ ಕಂಪನಿಯ ಜೆಪಿ-8000 ಸಿಂಥಸೈಜರಿನಿಂದ ಬಂದದ್ದು, ಸ್ವಲ್ಪ ಸ್ವಲ್ಪವೇ ಶ್ರುತಿ ಸರಿಸಿದ ಏಳು ಅಲೆಗಳ ಗುಂಪು. ಇದನ್ನು ಹೆಡ್‌ಫೋನಿನಲ್ಲಿ ವಿಶಾಲವಾಗಿ ಕೇಳಿಸಲೆಂದು ಎಡಬಲಕ್ಕೆ ಅತಿಯಾಗಿ ಹರಡಿದ್ದರೆ, ಎರಡನ್ನೂ ಸೇರಿಸಿದಾಗ ಅಲೆಗಳು ಒಂದನ್ನೊಂದು ಹೊಡೆದುಹಾಕಿ ನಾದ ಸೊರಗುತ್ತದೆ. ಮಿಕ್ಸರಿನಲ್ಲಿ ಮೋನೊ ಗುಂಡಿ ಒತ್ತಿ ಮುಖ್ಯ ರಾಗ ಕಳೆದುಹೋಗುತ್ತದೆಯೇ ಎಂದು ನೋಡುವುದಕ್ಕೆ ಹತ್ತು ಸೆಕೆಂಡು ಸಾಕು. ಕಡತದ ಗುಣಮಟ್ಟವನ್ನೂ ಆಗಲೇ ನೋಡಿಬಿಡುತ್ತೇನೆ: 320 ಕೆಬಿಪಿಎಸ್ ಎಂದು ಹೆಸರಿದ್ದರೂ ಸ್ಪೆಕ್ಟ್ರಮಿನಲ್ಲಿ 16 ಕಿಲೋಹರ್ಟ್ಜ್ ಮೇಲೆ ಏನೂ ಇಲ್ಲದಿದ್ದರೆ ಅದು ಕಡಿಮೆ ದರ್ಜೆಯ ಎಂಪಿ3ಯನ್ನು ಉಬ್ಬಿಸಿದ್ದು. ಹಣ ಕೊಟ್ಟು ಡಬ್ಲ್ಯುಎವಿ, ಅಂದರೆ ಕುಗ್ಗಿಸದ ಕಡತವನ್ನೇ ಕೊಳ್ಳುವುದು ಲೇಸು.

ಇವೆಲ್ಲ ದಾಟಿ ಉಳಿದ ಹತ್ತೊಂಬತ್ತರಲ್ಲಿ ಹದಿಮೂರು ಪ್ರೋಗ್ರೆಸಿವ್ ಹೌಸ್, ಆರು ಟ್ರಾನ್ಸ್. ಹದಿಮೂರರಲ್ಲಿ ನನಗೆ ಅತ್ಯಂತ ಪ್ರಿಯವಾದುದರ ವೇಗ 122. ಅದರಲ್ಲಿ ದೊಡ್ಡ ಘಟನೆ ಎಂಬುದೇ ಇಲ್ಲ. ಬೇಸಿನ ಸಾಲು ಎಂಟು ಆವರ್ತಗಳದು, ಪ್ರತಿ ಸಲ ತಿರುಗಿ ಬರುವಾಗಲೂ ಕೊನೆಯ ಸ್ವರ ಮಾತ್ರ ಬೇರೆ. ಮೂರನೆಯ ನಿಮಿಷದಲ್ಲಿ ಗಂಟೆಯಂಥ ಒಂದು ಸದ್ದು ಸೇರುತ್ತದೆ, ನಾಲ್ಕೂವರೆಗೆ ಅದು ಇಲ್ಲವಾಗುತ್ತದೆ, ಇಲ್ಲವಾದ ಮೇಲೆಯೇ ಅದು ಇದ್ದುದು ಅರಿವಾಗುತ್ತದೆ. ಬ್ರೇಕ್‌ಡೌನ್ ಕೇವಲ 16 ಆವರ್ತ, ಅರ್ಧ ನಿಮಿಷದಷ್ಟು, ಅಷ್ಟರಲ್ಲೂ ಶೇಕರಿನ ಸದ್ದು ನಿಲ್ಲುವುದಿಲ್ಲ. ನಂದಿ ತಪ್ಪಲಿನ ರೆಸಾರ್ಟಿನಲ್ಲಿ ಬೆಟ್ಟದ ಹಿಂದೆ ಸೂರ್ಯ ಇಳಿಯುವ ಹೊತ್ತಿಗೆ, ಇನ್ನೂ ಯಾರೂ ಕುಣಿಯಲು ಎದ್ದಿರದ ಆ ಅರ್ಧ ಗಂಟೆಗೆ, ಇಂಥ ಟ್ರ್ಯಾಕೇ ಬೇಕು. ಜನ ಮಾತು ನಿಲ್ಲಿಸುವುದಿಲ್ಲ, ಆದರೆ ಮಾತಾಡುತ್ತಲೇ ಅವರ ಕಾಲುಗಳು ಅದಕ್ಕೆ ಸೇರಿಕೊಳ್ಳುತ್ತವೆ.

ಆರು ಟ್ರಾನ್ಸಿನಲ್ಲಿ ಒಂದರ ಬಗ್ಗೆ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಇ ಮೈನರ್, 136ರ ವೇಗ, ಕೇಳಿದ ಕೂಡಲೇ ಮನಸ್ಸಿಗೆ ಹಿಡಿಸುವ ರಾಗ. ಆದರೆ ಬ್ರೇಕ್‌ಡೌನ್ 48 ಆವರ್ತ, ಹತ್ತಿರ ಹತ್ತಿರ ಒಂದು ನಿಮಿಷ ಇಪ್ಪತ್ತೈದು ಸೆಕೆಂಡು. ನಡುವಿನ 16 ಆವರ್ತಗಳನ್ನು ಕತ್ತರಿಸಿ ನನ್ನದೇ ಒಂದು ಪ್ರತಿ ಮಾಡಿಕೊಂಡಿದ್ದೇನೆ, ಉಳಿದ ಭಾಗದಲ್ಲಿ ಹೈ-ಹ್ಯಾಟನ್ನು ಮೆಲ್ಲಗೆ ಸೇರಿಸಿದ್ದೇನೆ. ಶ್ರಾವಣದ ಮೊದಲ ಬುಕಿಂಗ್ ಗೌರಿಬಿದನೂರಿನಲ್ಲಿ. ಮಧ್ಯಾಹ್ನ ಬಾಕ್ಸುಗಳನ್ನು ಜೋಡಿಸಿದ ಮೇಲೆ, ಕುರ್ಚಿ ಹಾಕುವ ಹುಡುಗರು ಕೆಲಸ ಮಾಡುತ್ತಿರುವಾಗ ಅದನ್ನೊಮ್ಮೆ ಪೂರ್ತಿ ಹಾಕಿ, ಕಿಕ್ ನಿಂತಾಗ ಅವರಲ್ಲಿ ಯಾರಾದರೂ ತಲೆ ಎತ್ತಿ ನೋಡುತ್ತಾರೆಯೇ ಎಂದು ಗಮನಿಸಬೇಕು.